ಎರಡು ಪೇಟೆಯ ಭಾವ

ನನ್ನ ಅಕ್ಕನ ಗಂಡನನ್ನು ನಾನು ಭಾವಜಿ ಎಂದು ಕರೆಯುತ್ತೇನೆ. ನಮ್ಮ ಗಡಿಭಾಗದಲ್ಲಿ ಪೇಟೆಯ ಧಾರಣೆಗೂ ಭಾವ ಎಂದೇ ಅನ್ನುತ್ತಾರೆ. ಅವರು ಉದಗೀರದ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದರು; ರೈತರು ತಂದ ತೊಗರಿ, ಸೋಯಾಬೀನು ಅವರ ಕಣ್ಣೆದುರೇ ಹರಾಜಾಗುತ್ತಿತ್ತು. ರಜೆಗೆ ಹೋದಾಗಲೆಲ್ಲ, ಸಂಜೆ ಅವರು ಮನೆಗೆ ಬಂದು ಟೊಪ್ಪಿಗೆ ತೆಗೆಯುವ ಮೊದಲೇ ನಾನು "ಭಾವಜೀ, ಭಾವ ಏನ್ರಿ?" ಎನ್ನುತ್ತಿದ್ದೆ. ಅಕ್ಕ ಪ್ರತಿ ಸಲವೂ ನಗುತ್ತಿದ್ದಳು. ಅಂಥ ಸವೆದ ಮಾತಿಗೆ ನಗುವವರು ಈಗ ನನಗೆ ಯಾರೂ ಇಲ್ಲ.

ನಾನು ಮದುವೆಯಾಗಲಿಲ್ಲ. ದಾಳಿಂಬದ ಕನ್ನಡ ಶಾಲೆಯಲ್ಲಿ ಮಾಸ್ತರಣಿಯಾಗಿದ್ದೆ, ಈಗ ನಿಲಂಗಾದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೇನೆ. ಸಿಟ್ಟಿನವಳೆಂದು ಹೆಸರು. ಸಿಟ್ಟು ಮಾಡಲಿಕ್ಕೂ ಎದುರಿಗೆ ಒಬ್ಬರು ಬೇಕಲ್ಲ, ಅದೂ ಇಲ್ಲ. ಅಕ್ಕ ಇದ್ದಾಗ ದಿನಾ ಫೋನು ಬರುತ್ತಿತ್ತು. ನಾಲ್ಕು ವರ್ಷದ ಹಿಂದೆ ಆಕೆ ತೀರಿಕೊಂಡ ಮೇಲೆ ಭಾವಜಿಗೂ ನನಗೂ ಮಾತಾಡಲು ಕಾರಣ ಉಳಿಯಲಿಲ್ಲ. ಹೆಂಡತಿ ಕಳಕೊಂಡವರು ಮದುವೆಯಾಗದ ನಾದಿನಿಗೆ ದಿನಾ ಫೋನು ಮಾಡಿದರೆ ಮಂದಿ ಸುಮ್ಮನಿರುತ್ತಾರೆಯೇ? ಅಲ್ಲಿಯ ತನಕ ನನ್ನನ್ನು "ನೀ" ಎನ್ನುತ್ತಿದ್ದವರು, ಅಕ್ಕನ ದಿನಕರ್ಮ ಮುಗಿದಾಗಿನಿಂದ "ಬಾಯಾರ" ಎಂದು ರೀ ಹಚ್ಚಿ ಮಾತಾಡಿಸತೊಡಗಿದರು. ಬಾಯಿ ಎಂದರೆ ನಮ್ಮ ಕಡೆ ಶಾಲೆಯ ಟೀಚರು. ಊರೆಲ್ಲ ನನ್ನನ್ನು ಹಾಗೇ ಕರೆಯುತ್ತದೆ. ಅವರ ಬಾಯಲ್ಲಿ ಮಾತ್ರ ಆ ಮರ್ಯಾದೆ ನನಗೆ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ಅವರದೇ ಫೋನು ಬಂತು. "ಬಾಯಾರ, ಒಂದು ಕಂಪನಿ ಅದರಿ. ಟ್ರ್ಯಾಕ್ಟರ್ ಮಾಡ್ತದ. ಅದರ ಶೇರು ಲಂಡನ್ ಪೇಟ್ಯಾಗೂ ಮಾರ್ತದ, ನ್ಯೂಯಾರ್ಕ್ ಪೇಟ್ಯಾಗೂ ಮಾರ್ತದ. ಒಂದೇ ಮಾಲು, ಎರಡು ಪೇಟಿ."

ಅವರ ಜೀವಮಾನದ ಕೆಲಸವೇ ಅದಾಗಿತ್ತು. ಉದಗೀರದಲ್ಲಿ ತೊಗರಿಗೆ ಏನು ಭಾವ, ಗಡಿಯಾಚೆ ಭಾಲ್ಕಿಯಲ್ಲಿ ಏನು ಭಾವ ಎಂದು ಎರಡನ್ನೂ ತಿಳಿದುಕೊಂಡೇ ಅವರು ಬಾಯಿ ಬಿಡುತ್ತಿದ್ದದ್ದು. ಮಗ ಅವರಿಗೆ ಲಂಡನ್ ಪೇಟೆಯ ಖಾತೆ ತೆರೆಸಿದ್ದ. ನಾನು ನ್ಯೂಯಾರ್ಕಿನಲ್ಲಿ ಕೊಂಡರೆ ಇಬ್ಬರೂ ಭಾವ ತಾಳೆ ನೋಡಬಹುದು ಎಂದರು. ಶೇರಿನ ಗಂಧಗಾಳಿ ನನಗಿರಲಿಲ್ಲ. ಆದರೂ ಆಗಲಿ ಎಂದುಬಿಟ್ಟೆ. ಪರದೇಶಕ್ಕೆ ಹಣ ಕಳಿಸುವ ಫಾರ್ಮು ತುಂಬಲು ಬ್ಯಾಂಕಿಗೆ ಹೋದಾಗ ಅಲ್ಲಿಯ ಹುಡುಗಿ, "ಬಾಯಿ, ಪರದೇಶಾತ ಕೋಣ ಆಹೆ ತುಮಚಂ?" ಎಂದಳು. ಪರದೇಶದಲ್ಲಿ ನಿಮ್ಮವರು ಯಾರಿದ್ದಾರೆ ಎಂದು. ಇಲ್ಲೇ ಯಾರೂ ಇಲ್ಲ, ಪರದೇಶದಲ್ಲಿ ಎಲ್ಲಿಂದ ತರಲಿ ಎಂದು ಅನ್ನಬೇಕೆನಿಸಿತು. "ಕೋಣೀ ನಾಹೀ", ಯಾರೂ ಇಲ್ಲ ಎಂದು ಸಹಿ ಮಾಡಿದೆ.

ಕೊಂಡ ಮೊದಲ ದಿನವೇ ಜಗಳ. ಲಂಡನ್ನಿನಲ್ಲಿ ಒಂದು ಶೇರಿಗೆ ಎರಡು ಸಾವಿರದ ಐವತ್ತು ಎಂದು ಅವರು ಹೇಳಿದರು. ನನ್ನ ಪೇಟೆಯಲ್ಲಿ ಇಪ್ಪತ್ತಾರು ಡಾಲರ್. ಏನೋ ಮೋಸವಾಗಿದೆ ಎಂದು ಕೂಗಾಡಿದೆ. ಅವರು ನಕ್ಕುಬಿಟ್ಟರು. "ಕ್ವಿಂಟಲ್ ಭಾವರೀ ಅದು. ಪೇಟಿ ಭಾವ ಯಾವಾಗಲೂ ನೂರಕ್ಕ ಇರ್ತದ. ನೂರರಿಂದ ಭಾಗಿಸ್ರಿ, ಒಂದರದು ಬರ್ತದ. ಇಷ್ಟು ದಿನ ಶಾಲಿ ಕಲಿಸಿ ಏನ್ ಮಾಡಿದ್ರಿ?"

ನೂರರಿಂದ ಭಾಗಿಸಿದೆ. ಇಪ್ಪತ್ತೂವರೆ ಪೌಂಡ್ ಬಂತು, ನನ್ನ ಡಾಲರಿಗೆ ಸರಿಯಾಗಿ ಕೂತಿತು. ಲಂಡನ್ನಿನಲ್ಲಿ ಭಾವವನ್ನು ಪೌಂಡಿನಲ್ಲಲ್ಲ, ನಮ್ಮ ಪೈಸೆಯಂಥ ಪೆನ್ಸಿನಲ್ಲಿ ಬರೆಯುತ್ತಾರೆ, ಒಂದು ಪೌಂಡಿಗೆ ನೂರು ಪೆನ್ಸು ಎಂದು ಆಮೇಲೆ ಓದಿ ತಿಳಿದುಕೊಂಡೆ. ಅವರಿಗೆ ಹೇಳಲಿಲ್ಲ. ತೊಗರಿಯ ಲೆಕ್ಕದಲ್ಲೇ ಅವರು ಲಂಡನ್ನನ್ನು ಗೆದ್ದುಕೊಂಡಿದ್ದರು, ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಎರಡಕ್ಕೆ ಅವರ ಫೋನು. ನಾನು "ಭಾವಜೀ, ಭಾವ ಏನ್ರಿ?" ಎನ್ನಬೇಕು, ಅವರು ಹೇಳಬೇಕು. ಸಂಜೆ ದೀಪ ಹಚ್ಚಿದ ಮೇಲೆ ನ್ಯೂಯಾರ್ಕ್ ತೆರೆಯುತ್ತದೆ, ಆಗ ನನ್ನ ಪಾಳಿ. ಭಾವದ ಜೊತೆ ಉಳಿದದ್ದೂ ಬರುತ್ತಿತ್ತು: ಹಲ್ಲುನೋವು, ಕಾಸಾರಶಿರಸಿಯ ಸಂತೆಯಲ್ಲಿ ಸಿಕ್ಕವರು, ಅಕ್ಕ ಕುಟ್ಟುತ್ತಿದ್ದ ಶೇಂಗಾ ಹಿಂಡಿ, ಆ ಚಟ್ನಿಪುಡಿಯ ಖಾರ. ಶನಿವಾರ, ಭಾನುವಾರ ಎರಡೂ ಪೇಟೆ ಬಂದ್. ಆ ಎರಡು ದಿನ ನಾನು ಬಾಯಿ ತೆರೆಯುತ್ತಿದ್ದದ್ದು ಹಾಲಿನವನ ಹತ್ತಿರ ಮಾತ್ರ. ಸೋಮವಾರ ಮೊದಲ ಮಾತು ಆಡುವಾಗ ದನಿ ಒಡೆದು ಬರುತ್ತಿತ್ತು.

ಒಂದು ವಿಷಯ ಬಚ್ಚಿಟ್ಟಿದ್ದೆ. ನನ್ನ ಫೋನಿನಲ್ಲೇ ಎರಡೂ ಪೇಟೆಯ ಭಾವ ಕಾಣುತ್ತದೆ ಎಂದು ಮೊದಲ ತಿಂಗಳೇ ಗೊತ್ತಾಗಿತ್ತು. ಅವರು ಹೇಳುವ ಮೊದಲೇ ಅಂಕಿ ನನ್ನ ಕಣ್ಣ ಮುಂದಿರುತ್ತಿತ್ತು. ಆದರೂ ಏನೂ ಗೊತ್ತಿಲ್ಲದವಳಂತೆ ಕೇಳುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅವರ ದನಿ. ಹೇಳಲು ನಾಚಿಕೆಯೇನಿಲ್ಲ.

ಈ ವರ್ಷ ಕಂಪನಿಯಿಂದ ಇಂಗ್ಲಿಷಿನಲ್ಲಿ ಪತ್ರ ಬಂತು. ಲಂಡನ್ ಪೇಟೆಯಿಂದ ಶೇರು ತೆಗೆಯುತ್ತೇವೆ, ಇನ್ನು ನ್ಯೂಯಾರ್ಕಿನಲ್ಲಿ ಮಾತ್ರ, ಲಂಡನ್ನಿನಲ್ಲಿ ಕೊಂಡವರು ಫಾರ್ಮು ತುಂಬಬೇಕು ಎಂದಿತ್ತು. ಹಾಳಾದ ಕಂಪನಿಯನ್ನು ಮನಸಾರೆ ಬೈದೆ. ಕೊನೆಯ ದಿನ ಭಾವಜಿ ಎಂದಿನಂತೆ ಭಾವ ಹೇಳಿ, "ಇವತ್ತಿಗಿ ನಮ್ಮ ಪೇಟಿ ಮುಗೀತ್ರಿ ಬಾಯಾರ" ಎಂದರು. ಮರುದಿನ ಎರಡು ಗಂಟೆಗೆ ಫೋನು ಮುಂದಿಟ್ಟುಕೊಂಡು ಕೂತೆ. ಎರಡೂವರೆಯಾಯಿತು, ಮೂರಾಯಿತು. ಬರಲಿಲ್ಲ. ಸಂಜೆ ನಾನೇ ಮಾಡಿ, ಫಾರ್ಮು ತುಂಬಿದಿರಾ ಎಂದು ಕೇಳಿದೆ. "ನೋಡ್ತೀನ್ರಿ, ನೋಡ್ತೀನಿ" ಎಂದರು. ಇಂಗ್ಲಿಷ್ ಬಾರದೆ ಒದ್ದಾಡುತ್ತಿದ್ದಾರೆ, ಹೇಳಿಕೊಳ್ಳಲು ಸಂಕೋಚ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಚಷ್ಮಾ, ಪೆನ್ನು ಹಿಡಿದು ಉದಗೀರದ ಬಸ್ಸು ಹತ್ತಿದೆ. ಭಾವಜಿ ಮನೆಯಲ್ಲಿರಲಿಲ್ಲ, ಹಳೆಯ ರೂಢಿಯಂತೆ ಅಡತಿಯ ಕಟ್ಟೆಗೆ ಹೋಗಿದ್ದರು. ಸೊಸೆ ಚಹಾ ಕೊಟ್ಟಳು. ಫಾರ್ಮಿನ ಮಾತು ಎತ್ತಿದೆ.

"ಯಾವ ಶೇರ್ರಿ ಮೌಶಿ?" ಎಂದಳು. "ಮಾವನೋರು ಅವು ಹೋದ ವರ್ಷನೇ ಮಾರ್ಯಾರಲ್ರಿ, ಕಣ್ಣಿನ ಆಪರೇಶನ್ ಟೈಮಿಗಿ. ನಿಮಗ ಹೇಳಿಲ್ಲೇನ್ರಿ? ಮತ್ತ ದಿನಾ ಎರಡಕ್ಕ ನನ್ನ ಕಡಿಂದ ಯಾಕ ಭಾವ ಓದಿಸ್ಕೋತಾರೋ, ನನಗೂ ತಿಳಿವಲ್ದು."

ಚಹಾ ಕುಡಿದು ಮುಗಿಸಿದೆ. ಗೋಡೆಯ ಮೇಲೆ ಅಕ್ಕನ ಫೋಟೋ ಇತ್ತು, ಅದನ್ನು ನೋಡಲು ಆಗಲಿಲ್ಲ. ಅವರಿಗಾಗಿ ಕಾಯದೆ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟೆ. ದಾರಿಯುದ್ದಕ್ಕೂ ಸಿಟ್ಟು. ಒಂದು ವರ್ಷ ನನ್ನನ್ನು ಮಂಗ ಮಾಡಿದರಲ್ಲ ಎಂದು. ನಿಲಂಗಾದಲ್ಲಿ ಇಳಿಯುವ ಹೊತ್ತಿಗೆ ಆ ಸಿಟ್ಟು ಎಲ್ಲಿ ಹೋಯಿತೋ, ಅಳು ಬಂತು. ನಾನು ಮಾಡಿದ್ದೂ ಅದೇ ಅಲ್ಲವೇ. ಬೇಡದ ಭಾವವನ್ನು ನಾನು ಕೇಳುತ್ತಿದ್ದೆ, ಶೇರೇ ಇಲ್ಲದೆ ಅವರು ಹೇಳುತ್ತಿದ್ದರು.

ಸಂಜೆ ದೀಪ ಹಚ್ಚಿದೆ. ನ್ಯೂಯಾರ್ಕ್ ತೆರೆಯಿತು. ಫೋನು ಮಾಡಿದರೆ ಯಾವ ಮುಖದಿಂದ ಮಾತಾಡಲಿ, ಮಾಡದಿದ್ದರೆ ಇರುವ ಒಂದು ದಾರಿಯೂ ಮುಚ್ಚುತ್ತದೆ. ಬಹಳ ಹೊತ್ತು ಕೂತಿದ್ದು ಕೊನೆಗೆ ಮಾಡಿದೆ.

"ಸೊಸಿ ಹೇಳ್ಯಾಳ್ರಿ, ನೀವು ಬಂದು ಹೋದ್ರಿ ಅಂತ" ಎಂದರು.

"ಹೌದ್ರಿ."

ಆ ಕಡೆ ಟಿವಿಯ ಸದ್ದು ಕೇಳುತ್ತಿತ್ತು. ಇಬ್ಬರೂ ಫೋನು ಇಡಲಿಲ್ಲ. ಕಡೆಗೆ ನಾನೇ, "ಭಾವಜೀ, ನಮ್ಮ ಪೇಟ್ಯಾಗ ಇವತ್ತು ಇಪ್ಪತ್ತೊಂಬತ್ತು ಡಾಲರ್, ಮ್ಯಾಲ ನಾಕಾಣೆ" ಎಂದೆ.

"ಏರ್ಯಾದೋ ಇಳದಾದೋ?"

"ನಿನ್ನಿಗಿಂತ ಇಳದದ್ರಿ."

"ಇಳೀಲಿ ಬಿಡು. ನೀ ಮಾರಬ್ಯಾಡ" ಎಂದರು. ನಾಲ್ಕು ವರ್ಷದ ಮೇಲೆ ಅವರ ಬಾಯಲ್ಲಿ ನನಗೆ ನೀ ಬಂದಿತ್ತು. "ನಾನೂ ಮಾರಂಗಿಲ್ಲ."

"ಹೂಂ ಭಾವಜೀ," ಎಂದೆ. "ಮಾರಬ್ಯಾಡ್ರಿ."