ಒಂದೇ ಹೊಲಿಗೆಗೆ ಮೂರು ಮಾತ್ರೆ

ನನ್ನ ತಂಗಿ ಪುಸ್ತಕ ಬೈಂಡ್ ಮಾಡುವವಳು. ನಾನು ಬರೆಯುತ್ತೇನೆ, ಅವಳು ಹೊಲಿಯುತ್ತಾಳೆ. ಇಬ್ಬರ ಕೆಲಸದಲ್ಲಿ ಬಾಳಿಕೆ ಬರುವುದು ಅವಳದ್ದೇ. ಹದಿನಾರು ಪುಟದ ಫಾರಂಗಳನ್ನು ಒಂದರ ಮೇಲೊಂದಿಟ್ಟು, ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ, ಸೂಜಿ ಹಾಕಿದಳೆಂದರೆ ಮುಗಿಯಿತು, ಒಂದು ಪುಟವೂ ಆಚೀಚೆ ಆಗದು.

ಅಂಥವಳು ಬಸಿರಿನ ಮೂರನೇ ತಿಂಗಳಲ್ಲಿ ನನ್ನ ಹೊಸ ಪುಸ್ತಕದ ಮೂರನೇ ಫಾರಮನ್ನು ಎರಡನೆಯದರ ಮುಂದೆ ಹೊಲಿದುಬಿಟ್ಟಳು. ಓದುಗರಾರೂ ದೂರಲಿಲ್ಲ. ಒಬ್ಬರಂತೂ ‘ಈ ಸಲ ಓಟ ಚೆನ್ನಾಗಿದೆ’ ಎಂದು ಕಾಗದ ಬರೆದರು. ನಾನದನ್ನು ಯಾರಿಗೂ ತೋರಿಸಲಿಲ್ಲ. ತಂಗಿ ಮಾತ್ರ ಬೆದರಿದಳು. ಹೋದ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು.

“ಅಣ್ಣ, ಕೂತಲ್ಲೇ ತೂಕಡಿಕೆ. ಎಲ್ಲರಿಗೂ ಸೆಕೆ ಅಂದ್ರೆ ನನಗೆ ಚಳಿ. ಏನೋ ಸರಿಯಿಲ್ಲ.”

“ಬಸುರಿಗೆ ನಿದ್ದೆ ಬರದೆ ಇನ್ನೇನು ಬರುತ್ತೆ?” ಎಂದರು ಅವಳ ಅತ್ತೆ. “ಇವನನ್ನ ಹೊತ್ತಾಗ ನಾನು ನಿಂತಲ್ಲೇ ನಿದ್ದೆ ಮಾಡ್ತಿದ್ದೆ.”

“ಅದಕ್ಕೇ ಅತ್ತೆ, ನಿಮ್ಮ ಮಗ ಈಗಲೂ ನಿಂತಲ್ಲೇ ನಿದ್ದೆ ಮಾಡ್ತಾರೆ.”

ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಎಂಬುದು ಆರೂವರೆ ಬಂತು; ನಾಲ್ಕರೊಳಗೆ ಇರಬೇಕಿತ್ತಂತೆ. “ಥೈರಾಯ್ಡ್ ಗ್ರಂಥಿ ಸ್ವಲ್ಪ ನಿಧಾನ” ಎಂದರು ಡಾಕ್ಟರಮ್ಮ. ಗ್ರಂಥ ಬರೆದವನೆಂಬ ಜಂಬದಿಂದ ತಲೆಯಾಡಿಸಿದೆ. ಗ್ರಂಥಿಯ ಗಂಧವೂ ನನಗಿರಲಿಲ್ಲ.

“ಕೆಲಸ ಕಮ್ಮಿ ಅಂತೀರಿ, ನಂಬರು ಜಾಸ್ತಿ ಇದೆಯಲ್ಲ?” ತಂಗಿ ಕೇಳಿದಳು.

“ಅದು ಗ್ರಂಥಿಯ ಕೆಲಸದ ಅಳತೆ ಅಲ್ಲಮ್ಮ. ‘ಕೆಲಸ ಮಾಡು’ ಅಂತ ಮೇಲಿಂದ, ಮಿದುಳಿನ ಕಡೆಯಿಂದ ಬರೋ ಕೂಗಿನ ಅಳತೆ.”

“ಓ, ನಮ್ಮ ಪ್ರೆಸ್ಸಿನ ಯಜಮಾನ್ರ ಥರ! ನಾವು ನಿಧಾನ ಆದಷ್ಟೂ ಅವರ ಗಂಟಲು ಏರುತ್ತೆ.” ನಕ್ಕವಳು ಥಟ್ಟನೆ ನಿಲ್ಲಿಸಿದಳು. “ಮಗುಗೆ ಏನಾಗುತ್ತೆ?”

“ಮೊದಮೊದಲು ಮಗುವಿಗೆ ಬೇಕಾದ ಹಾರ್ಮೋನೂ ನಿಮ್ಮಿಂದಲೇ ಹೋಗಬೇಕು. ಇಷ್ಟು ಸಣ್ಣ ಕೊರತೆಯಿಂದ ಎಷ್ಟು ತೊಂದರೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ. ಬಸಿರು ಇಳಿಯೋದು, ದಿನ ತುಂಬದೆ ಹೆರಿಗೆ ಆಗೋದು, ಈ ಭಯ ಸ್ವಲ್ಪ ಹೆಚ್ಚು. ಮಾತ್ರೆ ಕೊಡ್ತೀನಿ, ನಾಲ್ಕು ವಾರಕ್ಕೆ ನೋಡೋಣ.”

ನಾಲ್ಕು ವಾರಕ್ಕೆ ನಂಬರು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ನಾನು ಪತ್ತೇದಾರನಾದೆ. ಲ್ಯಾಬಿನವರನ್ನು ಶಂಕಿಸಿದೆ, ಔಷಧಿ ಅಂಗಡಿಯವನನ್ನು ಶಂಕಿಸಿದೆ, ಕೊನೆಗೆ ಅತ್ತೆಯವರನ್ನೂ ಬಿಡಲಿಲ್ಲ. ಡಾಕ್ಟರಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದರು: “ಮಾತ್ರೆ ಹೇಗೆ ತಗೋತೀರಿ?”

“ಒಂದು ದಿನಾನೂ ತಪ್ಪಿಸಿಲ್ಲ. ಕೆಳಗೆ ಥೈರಾಯ್ಡ್ ಮಾತ್ರೆ, ಅದರ ಮೇಲೆ ಬಸಿರಿಗೆ ಅಂತ ಕೊಟ್ಟ ಕಬ್ಬಿಣದ್ದು, ಮೇಲೆ ಕ್ಯಾಲ್ಸಿಯಂ.” ತಂಗಿ ಬರಿಯ ಅಂಗೈಯನ್ನು ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ ತೋರಿಸಿದಳು. “ಬೆಳಿಗ್ಗೆ ಒಂದು ಲೋಟ ಹಾಲಲ್ಲಿ, ಒಂದೇ ಗುಟುಕು.”

“ಅಯ್ಯೋ, ಪುಸ್ತಕ ಅಲ್ಲಮ್ಮ ಅದು! ಕಬ್ಬಿಣ, ಕ್ಯಾಲ್ಸಿಯಂ, ಹಾಲು ಎಲ್ಲಾ ಸೇರಿ ಥೈರಾಯ್ಡ್ ಮಾತ್ರೇನ ಹೊಟ್ಟೇಲೇ ಹಿಡ್ಕೋತವೆ. ರಕ್ತಕ್ಕೆ ಸೇರೋಕೇ ಬಿಡಲ್ಲ. ಬೇರೆ ಬೇರೆ ಮಾಡಿ.”

ಹೊಲಿದದ್ದನ್ನು ಬಿಚ್ಚುವುದೆಂದರೆ ಬೈಂಡರಿಗೆ ಸಂಕಟ. ಆದರೂ ಬಿಚ್ಚಿದಳು. ಬೆಳಿಗ್ಗೆ ಬರಿಹೊಟ್ಟೆಗೆ ನೀರಿನಲ್ಲಿ ಥೈರಾಯ್ಡ್ ಮಾತ್ರೆ. ಒಂದು ಗಂಟೆಯ ತನಕ ಹಾಲೂ ಇಲ್ಲ, ತಿಂಡಿಯೂ ಇಲ್ಲ. ಮಧ್ಯಾಹ್ನ ಕಬ್ಬಿಣ, ರಾತ್ರಿ ಊಟಕ್ಕೆ ಕ್ಯಾಲ್ಸಿಯಂ. ಮುಂದಿನ ಪರೀಕ್ಷೆಯಲ್ಲಿ ನಂಬರು ಎರಡಕ್ಕೆ ಇಳಿಯಿತು. ತಂಗಿ ಚೀಟಿಯನ್ನು ಮೂರು ಸಲ ಓದಿ, ಮೇಲಿನ ಹೆಸರು ತನ್ನದೇ ಹೌದೋ ಎಂದೂ ನೋಡಿಕೊಂಡಳು.

ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಮೂರನೇ ದಿನ ನರ್ಸಮ್ಮ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದಾಗ ಮಗು ಕಿರುಚಿತು, ಅತ್ತೆ ಬೈದರು.

“ಏನು ನೋಡ್ತೀರಿ ಅದರಲ್ಲಿ?” ತಂಗಿ ಕೇಳಿದಳು.

“ಮಗೂದೂ ಥೈರಾಯ್ಡೇ. ಹುಟ್ಟಿದ ಎಲ್ಲಾ ಮಕ್ಕಳಿಗೂ ನೋಡ್ತೀವಿ.”

ಎಂಟು ದಿನ ಅವಳು ಫೋನು ಕೈಬಿಡಲಿಲ್ಲ. ‘ಎಲ್ಲ ಸರಿಯಿದೆ’ ಎಂದು ಕರೆ ಬಂದ ಮೇಲೆಯೇ ಮಗುವಿನ ಹೆಸರಿನ ಮಾತೆತ್ತಲು ಬಿಟ್ಟಳು. ನಾನು ಕೂಡಲೇ ನಿಘಂಟು ತಿರುವಿ, ನಾಲಿಗೆ ತೊಡರುವಂಥ ಹನ್ನೊಂದು ಹೆಸರು ಬರೆದುಕೊಟ್ಟೆ.

“ಅಣ್ಣ, ಇವಳನ್ನ ಜನ ಬಾಯ್ತುಂಬ ಕರೀಬೇಕು” ಎಂದು ಪಟ್ಟಿಯನ್ನು ಹಿಂದಿರುಗಿಸಿದಳು.