ಹಲೋ ಅಕ್ಕನ ಧ್ವನಿ

ನಮ್ಮ ಪಾರ್ಸೆಲ್ ಆಫೀಸಿಗೆ ಯಾರೇ ಫೋನು ಮಾಡಲಿ, ಮೊದಲು ಎತ್ತುತ್ತಿದ್ದವಳು ಹಲೋ ಅಕ್ಕ. ಅವಳಿಗೊಂದು ಸ್ವಂತ ಹೆಸರಿದೆಯೆಂಬುದು ಸಂಬಳ ಕೊಡುವವರಿಗೆ ಮಾತ್ರ ನೆನಪು. ಸಾಮಾನು ಬರಲಿಲ್ಲವೆಂದು ಕೂಗಾಡುವವರಿಗೆಲ್ಲ "ಸ್ವಲ್ಪ ಇರಿ, ಈಗಲೇ ಬಂದೆ" ಎನ್ನುವಳು, ಗೋದಾಮಿಗೋ ಲಾರಿಯವರಿಗೋ ಲೈನು ಕೊಡುವಳು. ಎಂಥ ಸಿಡುಕನೂ ತಣ್ಣಗಾಗುತ್ತಿದ್ದ. ಪಕ್ಕದ ಮೇಜಿನಲ್ಲಿ ರಸೀದಿ ಹರಿಯುವ ನನಗೆ ಆ ಜಾಣ್ಮೆಯಿಲ್ಲ. ನಾನು ಎತ್ತಿದರೆ ಜಗಳ ಗ್ಯಾರಂಟಿ.

ಊಟದ ಹೊತ್ತಿಗೆ ಅವಳ ಅಪ್ಪನ ಫೋನು ಬರುತ್ತಿತ್ತು. ಕಣ್ಣು ಮಂಜಾದ ಮುದುಕರು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಸಂಜೆಯವರೆಗೂ ಒಬ್ಬರೇ. ಅವರ ಬೆರಳಿಗೆ ರೂಢಿಯಾಗಿದ್ದದ್ದು ನಮ್ಮ ಆಫೀಸಿನ ನಂಬರೊಂದೇ. ಕೆಲಸದ ಹೊತ್ತಿನಲ್ಲಿ ನಮ್ಮೆಲ್ಲರ ಮೊಬೈಲು ಬೀರುವಿನಲ್ಲಿರಬೇಕೆಂದು ಯಜಮಾನರ ಕಟ್ಟಪ್ಪಣೆ ಬೇರೆ.

"ಮಾತ್ರೆ ತಗೊಂಡ್ರಾ ಅಪ್ಪ?"

"ತಗೊಂಡೆ ಕಣಮ್ಮ. ನೀನು ಉಂಡ್ಯಾ?"

ಇಷ್ಟೇ ಮಾತು. ಆಮೇಲೆಯೇ ಅಕ್ಕ ಡಬ್ಬಿ ಬಿಚ್ಚುತ್ತಿದ್ದಳು.

ಹಳೆಯ ಫೋನಿನ ಯಂತ್ರ ಕೆಟ್ಟಾಗ, ಇಂಟರ್ನೆಟ್ ಫೋನು ಹಾಕಿಸಿ ಎಂದು ಒಬ್ಬ ಬಂದ. ಅವನು ಹೇಳಿದ ಮೊತ್ತ ಕೇಳಿ ಯಜಮಾನರ ಮುಖ ಹುಳ್ಳಗಾಯಿತು.

"ಶುರುವಿನಲ್ಲೇ ಇಷ್ಟು ಸುರಿದ್ರೆ ನಾನು ಬಾಗಿಲು ಮುಚ್ಚಬೇಕಷ್ಟೇ. ಏನೇನು ಬಿಡಬಹುದು ಹೇಳಯ್ಯಾ."

ಅವನಿಗೂ ವ್ಯಾಪಾರ ಬೇಕಲ್ಲ, ಹೇಳಿದ. ಹೊಸ ಫೋನು ಬೇಡ, ಹಳೆಯವಕ್ಕೇ ಒಂದೊಂದು ಪುಟ್ಟ ಡಬ್ಬಿ ಸಿಕ್ಕಿಸಿದರಾಯಿತು. ಯಂತ್ರ ಕೊಳ್ಳುವುದೂ ಬೇಡ, ತಿಂಗಳ ಬಾಡಿಗೆಗೆ ಸಿಗುತ್ತದೆ. ಯಂತ್ರವೇ ಕರೆ ಎತ್ತಿ ಕೇಳಿಸುವ ರೆಕಾರ್ಡ್ ಧ್ವನಿಗೆ ಸ್ಟುಡಿಯೋ ಯಾಕೆ, ಅಕ್ಕನೇ ಇದ್ದಾಳಲ್ಲ! ಇನ್ನು, ಯಾವ ಗುಂಡಿಯನ್ನೂ ಒತ್ತದೆ ಸುಮ್ಮನಿದ್ದವರ ಕರೆ ತಾನಾಗಿ ಅಕ್ಕನ ಮೇಜಿಗೆ ಬರಬೇಕೆಂದರೆ ದುಬಾರಿ ಪ್ಲಾನೇ ಬೇಕು.

"ಒಂದು ಗುಂಡಿ ಒತ್ತೋಕೆ ಬರದವರು ಯಾರಿದಾರೆ ಈ ಕಾಲದಲ್ಲಿ? ಅದನ್ನೂ ಬಿಡು" ಎಂದರು ಯಜಮಾನರು.

ಅಕ್ಕ ಮದುವಣಗಿತ್ತಿಯ ಹಾಗೆ ನಾಚಿಕೊಂಡು ಧ್ವನಿ ಕೊಟ್ಟಳು. ಗೋದಾಮಿಗೆ ಒಂದು ಒತ್ತಿ, ಲಾರಿ ವಿಚಾರಕ್ಕೆ ಎರಡು, ನನ್ನ ಹತ್ತಿರ ಮಾತಾಡೋಕೆ ಸೊನ್ನೆ. ಕೊನೆಗೆ ಯಜಮಾನರೇ ಹೇಳಿ ಸೇರಿಸಿದ್ದು, ಅವಳ ಮಾಮೂಲಿ ಮಾತು: "ಸ್ವಲ್ಪ ಇರಿ, ಈಗಲೇ ಬಂದೆ." ಏನೂ ಒತ್ತದಿದ್ದರೆ ಇದೇ ಮತ್ತೆ ಮೊದಲಿನಿಂದ.

ಮೊದಲ ದಿನವೇ ಅಪ್ಪ ಸಂಜೆ ಜಗಳ ತೆಗೆದಿದ್ದರಂತೆ. "ಏನು ಕೇಳಿದ್ರೂ ಒಂದೇ ಪಾಠ ಒಪ್ಪಿಸ್ತೀಯಲ್ಲ, ಅಪ್ಪನ ಹತ್ರಾನೂ ಆಫೀಸು ಜಂಬಾನಾ?" ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕ ಪಾರ್ಸೆಲ್ ಟೇಪಿನ ಚೂರೊಂದನ್ನು ಮನೆಗೆ ಒಯ್ದು, ಫೋನಿನ ಸೊನ್ನೆಯ ಮೇಲೆ ಅಂಟಿಸಿ, ಅವರ ಬೆರಳು ಹಿಡಿದು ಕಲಿಸಿದಳು. ಕಲಿತರು. ಮಧ್ಯಾಹ್ನದ ಮಾತು ಮತ್ತೆ ಸರಿಹೋಯಿತು.

ಒಂದು ದಿನ ಅವರ ಫೋನು ಬರಲಿಲ್ಲ. ಅಕ್ಕನೇ ಮನೆಗೆ ಮಾಡಿದಳು. ಎಂಗೇಜ್. ಮತ್ತೆ ಮಾಡಿದಳು, ಆಗಲೂ ಎಂಗೇಜ್. "ಯಾರ ಹತ್ರಾನೋ ಹರಟೆ ಹೊಡೀತಿದಾರೆ, ಹೊಡೀಲಿ ಬಿಡು" ಎಂದು ನೆಮ್ಮದಿಯಾಗಿ ಡಬ್ಬಿ ಬಿಚ್ಚಿದಳು.

ಅವರು ಮಾತಾಡುತ್ತಿದ್ದದ್ದು ನಮ್ಮ ಯಂತ್ರದ ಜೊತೆಗೆ. ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು, ಸೊಂಟ ಮುರಿದು, ತೆವಳಿಕೊಂಡು ಬಂದು, ಫೋನನ್ನು ವೈರು ಹಿಡಿದು ನೆಲಕ್ಕೆಳೆದು ನಂಬರು ಒತ್ತಿದ್ದರು. ಮಗಳ ಧ್ವನಿ ಬಂತು. ಆ ನೋವಿನಲ್ಲಿ ಸೊನ್ನೆ ಎಲ್ಲಿ ನೆನಪಾಗಬೇಕು? "ಬಿದ್ದುಬಿಟ್ಟೆ ಕಣಮ್ಮ" ಎಂದರು. ಸ್ವಲ್ಪ ಇರಿ, ಈಗಲೇ ಬಂದೆ ಎಂದಿತು ಫೋನು.

ನರಳಾಟ ಕೇಳಿ ಪಕ್ಕದ ಮನೆಯಾಕೆ ಬಾಗಿಲು ಬಡಿದಿದ್ದಳಂತೆ. "ಏನಿಲ್ಲ ತಾಯಿ, ಮಗಳಿಗೆ ಹೇಳಿದೀನಿ, ಬರ್ತಿದಾಳೆ" ಎಂದು ಒಳಗಿನಿಂದಲೇ ಅವಳನ್ನು ಕಳಿಸಿಬಿಟ್ಟಿದ್ದರು.

ಸಂಜೆ ಅಕ್ಕ ಬೀಗ ತೆಗೆದಾಗಲೂ ಫೋನು ಅವರ ಕಿವಿಯ ಹತ್ತಿರವೇ ಇತ್ತು. ಅದರಿಂದ ಅವಳದೇ ಧ್ವನಿ ಬರುತ್ತಿತ್ತು.

"ನೀನೇ ಅಲ್ವಾ ಇರಿ ಅಂದಿದ್ದು? ಇದ್ದೆ ಕಣಮ್ಮ" ಎಂದರು ಅಪ್ಪ.

ಒಳಗೇ ರಕ್ತ ಸೋರಿತ್ತು. ಮಧ್ಯಾಹ್ನವೇ ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಅಪ್ಪ ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ.

ಅಕ್ಕ ಕೆಲಸಕ್ಕೆ ಬಂದ ದಿನ ಯಜಮಾನರು ಎದ್ದು ನಿಂತರು. ಒಳ್ಳೆಯ ಪ್ಲಾನೇ ಹಾಕಿಸಿದೀನಮ್ಮ, ಧ್ವನಿಗೂ ಸ್ಟುಡಿಯೋದವರನ್ನ ಗೊತ್ತುಮಾಡಿದೀನಿ ಎಂದರು. ಅಕ್ಕ ಅವರ ಮುಖವನ್ನೇ ನೋಡಿದಳು.

"ಆಗ ಇಲ್ಲದ್ದು ಈಗೆಲ್ಲಿಂದ ಬಂತು ಯಜಮಾನ್ರೇ?"

ಅವರು ತಲೆ ತಗ್ಗಿಸಿದರು. ನನಗೇನೂ ಅಯ್ಯೋ ಅನ್ನಿಸಲಿಲ್ಲ.

ಈಗ ಏನೂ ಒತ್ತದವರ ಕರೆಯೆಲ್ಲ ಅಕ್ಕನ ಮೇಜಿಗೇ ಬರುತ್ತದೆ. ಮೊದಲ ರಿಂಗಿಗೇ ಎತ್ತುತ್ತಾಳೆ, ಊಟದ ಕೈಯಲ್ಲೇ ಎತ್ತುತ್ತಾಳೆ. ಆ ಹಳೆಯ ಮಾತು ಅವಳ ಬಾಯಿಂದ ಮತ್ತೆ ಬಂದಿಲ್ಲ.

"ಹೇಳಿ, ನಾನೇ. ಇಲ್ಲೇ ಇದೀನಿ" ಎನ್ನುತ್ತಾಳೆ, ಆಚೆಯವರು ಬಾಯಿ ತೆರೆಯುವ ಮೊದಲೇ.