ಖಾಲಿ ಎಂದು ಬರೆದ ಜಾಗ

ಕೆಲವು ವರ್ಷಗಳ ಹಿಂದಿನ ಮಾತು. ಮುಂಬಯಿ ಉಪನಗರದ ಭೂಮಾಪನ ಕಚೇರಿಯಲ್ಲಿ ನಾನು ಸರ್ವೇಯರ್; ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಇದೇ ನಗರದ ಆಂಟಾಪ್ ಹಿಲ್‌ನಲ್ಲಿ ಹುಟ್ಟಿ ಬೆಳೆದ ಕನ್ನಡಿಗ ನಾನು, ಮರಾಠಿಯಲ್ಲಿ ಷರಾ ಬರೆದು ಬರೆದೇ ಕೂದಲು ನರೆಸಿಕೊಂಡವನು. ನನ್ನ ಅಳತೆ ತಪ್ಪುವುದಿಲ್ಲ ಎಂಬ ಜಂಬವೂ ಇತ್ತು.

ಆ ಜುಲೈಯಲ್ಲಿ ಕಡಲಂಚಿನ ಒಂದು ಕೋಳಿವಾಡಾದ ಅಳತೆಗೆ ಹೋದೆ. ಕೋಳಿವಾಡಾ ಎಂದರೆ ಈ ನಗರ ಹುಟ್ಟುವ ಮೊದಲೇ ಇಲ್ಲಿದ್ದ, ಕೋಳಿ ಎಂಬ ಮೀನುಗಾರ ಜನಾಂಗದ ಕೇರಿ. ಕೇರಿಯ ಹಿಂದೆ, ಕೂಗಳತೆಯಾಚೆ, ಹುಲ್ಲು ಬೆಳೆದ ಬಯಲು. ಮಳೆ ಸುರಿಯುತ್ತಿತ್ತು, ಯಾರನ್ನೂ ಕೇಳುವ ತಾಳ್ಮೆ ಇರಲಿಲ್ಲ. ನಕ್ಷೆಯಲ್ಲಿ ‘ಖಾಲಿ ಜಾಗ’ ಎಂದು ಬರೆದು, ಚಹಾ ಕುಡಿದು, ಲೋಕಲ್ ಹಿಡಿದೆ.

ಅದೇ ನಕ್ಷೆ ತೋರಿಸಿ ಒಬ್ಬ ಕಂತ್ರಾಟುದಾರ ಅಲ್ಲಿ ತನ್ನ ಕೂಲಿಯವರಿಗೆ ಹದಿನೆಂಟು ಜೋಪಡಿ ಹಾಕಿಸಿದ. ಎಲ್ಲರೂ ಯಾದಗಿರಿ, ಕಲಬುರಗಿ ಕಡೆಯವರು. ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿದವು. ಮೀನು ಒಣಹಾಕುವ ಬಿದಿರು ಹೊತ್ತು ಬಂದ ಕೋಳಿ ಹೆಂಗಸರು ನೋಡಿದರೆ ಬಯಲ ತುಂಬ ಮನೆಗಳು. ಮಾತಿಗೆ ಮಾತು ಬೆಳೆದು ಅವರು ಬಿದಿರು ಎತ್ತಿದರು, ಇವರು ಗುದ್ದಲಿ ಹಿಡಿದರು. ಪೊಲೀಸರು ಬಂದು ನನ್ನನ್ನೂ ಕರೆಸಿದರು.

ಕೋಳಿ ಹೆಂಗಸರ ಮುಂದಾಳು ಜಾನಾಬಾಯಿ ನನ್ನ ನಕ್ಷೆಯ ಪ್ರತಿಯನ್ನು ನನ್ನ ಮುಖಕ್ಕೇ ಹಿಡಿದಳು.

“ಇದು ನಮ್ಮ ಖಳಾ, ಸಾಹೇಬ,” ಎಂದಳು ಮರಾಠಿಯಲ್ಲಿ. “ಮಳೆಗಾಲದಲ್ಲಿ ಬಿದಿರು ಬಿಚ್ಚಿಡುತ್ತೇವೆ. ನೀವು ಬಂದದ್ದೇ ಆಗ.”

ಅವಳ ಹಿಂದಿನಿಂದ ಯಾರೋ, “ಹೊರಗಿನವನು ಹೊರಗಿನವರಿಗೇ ಬರೆದುಕೊಟ್ಟ,” ಎಂದರು. ಹುಟ್ಟಿದ ಊರಲ್ಲಿ ಆ ಮಾತು ಕೇಳಿ ಮೈ ಉರಿಯಿತು. ಆದರೆ ತಪ್ಪು ನನ್ನದೇ.

ಜೋಪಡಿಗಳ ಕಡೆಯಿಂದ ಹೊನ್ನವ್ವ ಎಂಬಾಕೆ ಮುಂದೆ ಬಂದಳು. “ಆಕಿ ಏನಂತಾಳ್ರಿ ಸಾಹೇಬ್ರ? ನೀವು ನಮ್ಮವ್ರು, ತಿಳಿಯಂಗ ಹೇಳ್ರಿ.”

“ಇದು ಅವ್ರ ಕಣ ಅಂತವ್ವ. ಜ್ವಾಳದ್ದಲ್ಲ, ಮೀನಿಂದು.”

ಹೊನ್ನವ್ವ ಕಾಲಿನ ಚಪ್ಪಲಿ ಕಳಚಿದಳು. ಅವಳ ಕಡೆ ಕಣದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಸುಗ್ಗಿ ಇಲ್ಲದಾಗ ಹುಲ್ಲು ಬೆಳೆದ ಕಣವನ್ನು ಖಾಲಿ ಎನ್ನುವುದೂ ಇಲ್ಲ. ನನ್ನ ತಂದೆಯೂ ಆ ಸೀಮೆಯವರೇ. ನನಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

“ಕಣದಾಗ ಮನಿ ಕಟ್ಟಬಾರದಿತ್ರಿ,” ಎಂದಳು. “ಆದ್ರ ಈಗ ಎಲ್ಲಿ ಹೋಗೂಣ್ರಿ?”

ಕಚೇರಿಯಲ್ಲಿ ಮೇಲಧಿಕಾರಿ ಬಾಗಿಲು ಹಾಕಿಕೊಂಡು, “ತಿದ್ದಿದರೆ ನಿಮ್ಮ ಮೇಲೇ ವಿಚಾರಣೆ. ಉಳಿದ ದಿನ ಸುಮ್ಮನಿದ್ದು ಮನೆಗೆ ಹೋಗಿ,” ಎಂದರು. ತಿದ್ದಿದರೆ ಹದಿನೆಂಟು ಮನೆ ಬೀಳುತ್ತವೆ. ತಿದ್ದದಿದ್ದರೆ ಕೋಳಿ ಹೆಂಗಸರ ಮೀನು ಕೊಳೆಯುತ್ತದೆ. ಎತ್ತ ಹೊರಳಿದರೂ ಗೋಡೆ. ಮೂರು ದಿನ ಆ ನಕ್ಷೆಯನ್ನು ಬಿಚ್ಚುವುದು, ಮಡಚಿಡುವುದು ಮಾಡಿದೆ. ನಾಲ್ಕನೆಯ ದಿನ ‘ಖಾಲಿ’ ಹೊಡೆದುಹಾಕಿ ‘ಖಳಾ’ ಎಂದು ಬರೆದು ಸಹಿ ಹಾಕಿದೆ.

ವಿಚಾರಣೆ ನಡೆದು ಛೀಮಾರಿ ಬಿತ್ತು. ಅದೇನೂ ದೊಡ್ಡದಲ್ಲ. ತೆರವಿನ ದಿನ ಗಡಿ ತೋರಿಸಲು ನಾನೇ ಹೋಗಬೇಕಾಯಿತಲ್ಲ, ಅದು ದೊಡ್ಡದು. ಹೊನ್ನವ್ವ ಪಾತ್ರೆಗಂಟು ತಲೆಗೇರಿಸಿಕೊಂಡು ನನ್ನ ಹತ್ತಿರ ನಿಂತಳು.

“ಸಾಹೇಬ್ರ, ನಮ್ಮ ಮನಿಗೋಳಿಗೆ ಏನಂತ ಬರದ್ರಿ?”

‘ಅತಿಕ್ರಮಣ’ ಎಂದು ಬರೆದಿದ್ದೆ. ನಮ್ಮ ಇಲಾಖೆಯಲ್ಲಿ ಅದಕ್ಕೆ ಬೇರೆ ಪದವಿಲ್ಲ. ಅವಳು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ನಡೆದಳು, ನಾನು ನೆಡಿಸಿದ ಗಡಿಕಲ್ಲು ದಾಟಿದ ಮೇಲೆ ಮೆಟ್ಟಿಕೊಂಡಳು.

ಖಾಲಿ ಎಂದು ಬರೆಯುವ ಮೊದಲು ಅಲ್ಲಿಯವರನ್ನು ಕೇಳಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಪಾಠ ಕಲಿತವನು ನಾನು, ಮನೆ ಕಳೆದುಕೊಂಡವಳು ಅವಳು.